ಕುರಿಮರಿ ಸಣ್ಣ ಹಸುವಲ್ಲ



ಈ ಸಂಚಿಕೆಯಲ್ಲಿ ಅಡಿಕೆಯ ಧಾರಣೆಯನ್ನೂ ಕಾಫಿಯ ಹೂಮಳೆಯನ್ನೂ ಬದಿಗಿಟ್ಟು ಕುರಿಮರಿಯ ಹೊಟ್ಟೆಯ ವಿಷಯ ಬರೆಯಲು ಹೊರಟಿರುವುದು ಕೆಲವರಿಗೆ ವಿಚಿತ್ರವಾಗಿ ಕಾಣಬಹುದು. ತೋಟಗಾರರ ಸಂಘಕ್ಕೆ ಕುರಿಯ ಗೊಡವೆ ಏಕೆ ಎಂದು ಆಡಳಿತ ಮಂಡಳಿಯಲ್ಲಿಯೇ ಕೇಳಿದವರಿದ್ದಾರೆ. ಆದರೆ ನಮ್ಮ ಮಾರಾಟ ಮಳಿಗೆಯಲ್ಲಿ ಗೊಬ್ಬರ, ಮೈಲುತುತ್ತ, ಸುಣ್ಣಗಳ ಪಕ್ಕದಲ್ಲೇ ಈಗ ಪಶು ಆಹಾರದ ಮೂಟೆಗಳೂ, ಖನಿಜ ಮಿಶ್ರಣದ ಪೊಟ್ಟಣಗಳೂ, ಬೇಗ ತೂಕ ಬರುತ್ತದೆಂದು ಸಾರುವ ಬಣ್ಣಬಣ್ಣದ ಪುಡಿಗಳೂ ಕುಳಿತಿವೆ. ಅವನ್ನು ಮಾರುತ್ತಿರುವವರು ನಾವು. ಮರಿಯ ಹೊಟ್ಟೆಯೊಳಗೆ ಹೋದ ಮೇಲೆ ಅವು ಏನು ಮಾಡುತ್ತವೆ ಎಂಬುದಕ್ಕೆ ಉತ್ತರ ಹೇಳಬೇಕಾದವರೂ ನಾವೇ.

ನಡೆದ ಸಂಗತಿಯನ್ನು ಮೊದಲು ಹೇಳಿಬಿಡುತ್ತೇವೆ. ಕಳೆದ ವರ್ಷ ಬಕ್ರೀದಿಗೆ ನಾಲ್ಕು ತಿಂಗಳು ಮುಂಚೆ ನಮ್ಮ ಸದಸ್ಯೆಯೊಬ್ಬರು ಸಂತೆಯಲ್ಲಿ 24 ಟಗರು ಮರಿಗಳನ್ನು ಕೊಂಡರು. ಅವರ ಹೆಸರು ಇಲ್ಲಿ ಬೇಡ. ಎರಡು ಎಕರೆ ಅಡಿಕೆ, ಅದರ ನಡುವೆ ಕಾಫಿ, ಬೇಸಿಗೆಯಲ್ಲಿ ಉಸಿರು ಬಿಡುವ ಒಂದು ಕೊಳವೆ ಬಾವಿ. ಯಜಮಾನರು ತೀರಿಕೊಂಡು ಆರು ವರ್ಷವಾಗಿದೆ. ಹಬ್ಬದಲ್ಲಿ ಮರಿ ಮಾರಿ ಮಗಳ ಕಾಲೇಜಿನ ಖರ್ಚು ತೂಗಿಸುವುದು ಅವರ ಲೆಕ್ಕ. ಮರಿಗಳಿಗೆ ರಾಗಿ ಹುಲ್ಲು, ಮುಸುಕಿನ ಜೋಳದ ನುಚ್ಚು, ಬೂಸಾ ಹಾಕಿದರು. ನಮ್ಮ ಮಳಿಗೆಯಿಂದ ಹಸುವಿನ ಖನಿಜ ಮಿಶ್ರಣ ಕೊಂಡು ದಿನಕ್ಕೆ ತಲೆಗೊಂದು ಹಿಡಿಯಂತೆ ಬೆರೆಸಿದರು. ಹಗಲು ಹೊತ್ತು ತೋಟದೊಳಗೆ ಬಿಟ್ಟು ಮೇಯಿಸಿದರು. ಮೂರು ತಿಂಗಳು ಮರಿಗಳು ನೋಡುವವರ ಕಣ್ಣು ಬೀಳುವಂತೆ ಬೆಳೆದವು.

ಹಬ್ಬಕ್ಕೆ ಇನ್ನು ಮೂರು ವಾರವಿರುವಾಗ, ಒಂದು ಜೋರು ಮಳೆಯ ರಾತ್ರಿಯ ಮರುದಿನ, ಎರಡು ಮರಿ ಮೇವು ಬಿಟ್ಟು ತಲೆ ಜೋಲಿಸಿದವು. ಕಣ್ಣಿನ ಬಿಳಿ ಅರಿಶಿನದಂತೆ ಹಳದಿಯಾಯಿತು. ಮೂತ್ರ ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿತು. ಎಂಟು ದಿನದೊಳಗೆ ಒಂಬತ್ತು ಮರಿ ಸತ್ತವು. ಯಾರೋ ವಿಷ ಹಾಕಿದರೆಂದರು ಕೆಲವರು, ಹಾವು ಮುಟ್ಟಿದೆಯೆಂದರು ಮತ್ತೆ ಕೆಲವರು, ದೃಷ್ಟಿಯೆಂದರು ಉಳಿದವರು. ಪಶುವೈದ್ಯರು ಸತ್ತ ಮರಿಯೊಂದನ್ನು ಕೊಯ್ದು ನೋಡಿದರು. ಒಳಗಿನ ಕೊಬ್ಬೆಲ್ಲ ಹಳದಿ, ಮೂತ್ರಪಿಂಡಗಳು ಕಪ್ಪು. ಅವರು ಎರಡೇ ಪ್ರಶ್ನೆ ಕೇಳಿದರು: ಯಾವ ಖನಿಜ ಮಿಶ್ರಣ ಕೊಟ್ಟಿರಿ? ತೋಟಕ್ಕೆ ಏನು ಹೊಡೆದಿರಿ?

ಖನಿಜ ಮಿಶ್ರಣ ನಮ್ಮ ಮಳಿಗೆಯದು. ಕಾಫಿಗೆ ಹೊಡೆದದ್ದು ಬೋರ್ಡೋ. ಅದರ ಮೈಲುತುತ್ತವೂ ನಮ್ಮ ಮಳಿಗೆಯದೇ. ಎರಡರಲ್ಲಿಯೂ ಇರುವುದು ತಾಮ್ರ. ಮರಿಗಳು ಸತ್ತದ್ದು ತಾಮ್ರದಿಂದ.

ನಾವು ಅವರ ಮನೆಗೆ ಹೋದಾಗ ಆಕೆ ನಮ್ಮ ಮೇಲೆ ರೇಗಲಿಲ್ಲ. "ಸೊಸೈಟಿ ಅಂಗ್ಡೀಲಿ ಕೊಟ್ಟಿದ್ದಲ್ವಾಣ್ಣ, ಅದ್ಕೇ ನಂಬಿ ಹಾಕ್ದೆ" ಎಂದರು, ಅಷ್ಟೆ. ರೇಗಿದ್ದರೆ ನಮಗೆ ಇಷ್ಟು ಭಾರವಾಗುತ್ತಿರಲಿಲ್ಲ. ಪದವಿ ತರಗತಿಯಲ್ಲಿ ರಸಾಯನಶಾಸ್ತ್ರ ಓದಿದ್ದರೂ ಪೊಟ್ಟಣದ ಚೀಟಿಯನ್ನು ತಿರುಗಿಸಿ ಓದದೆ ಮಾರಿದ ತಪ್ಪು ನಮ್ಮದು. ಈ ಲೇಖನ ಆ ತಪ್ಪಿನಿಂದ ಹುಟ್ಟಿದ್ದು.

ಮೊದಲು ಕುರಿ ಮನೆಯ ಬಾಗಿಲಿಗೆ ಬಂದ ಬಗೆಯನ್ನು ನೋಡೋಣ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ, ಈ ನಾಲ್ಕು ತಾಲ್ಲೂಕಿನಲ್ಲಿ ಹಿಂದೆ ಕುರಿಯೆಂದರೆ ಮಂದೆ. ಗೋಮಾಳ, ಕೆರೆಯಂಗಳ, ಕೊಯ್ದ ರಾಗಿ ಹೊಲಗಳಲ್ಲಿ ಮೇದು, ರಾತ್ರಿ ನಮ್ಮ ತೋಟದಲ್ಲಿ ಮಂದೆ ನಿಂತು ಗೊಬ್ಬರ ಕೊಟ್ಟು ಹೋಗುತ್ತಿತ್ತು. ಮೇಯುವ ಕುರಿ ತನಗೆ ಬೇಕಾದ್ದನ್ನು ತಾನೇ ಆರಿಸಿ ತಿನ್ನುತ್ತಿತ್ತು. ದೇವನಹಳ್ಳಿಯ ವಿಮಾನ ನಿಲ್ದಾಣ 2008ರಲ್ಲಿ ತೆರೆಯಿತು. ಅದರ ಹಿಂದೆ ಮುಂದೆ ಬಡಾವಣೆಗಳು, ಕೈಗಾರಿಕಾ ಪ್ರದೇಶಗಳು ಬಂದವು. ಗೋಮಾಳ ಕರಗಿತು. ಹೊಸತೊಡಕಿಗೂ ಬಕ್ರೀದಿಗೂ ಮಾಂಸದ ಬೇಡಿಕೆ ಮಾತ್ರ ಕರಗಲಿಲ್ಲ. 2019ರ ಜಾನುವಾರು ಗಣತಿಯಲ್ಲಿ ರಾಜ್ಯದ ಕುರಿಗಳ ಸಂಖ್ಯೆ ಸುಮಾರು 1.1 ಕೋಟಿ, ತೆಲಂಗಾಣ, ಆಂಧ್ರಗಳ ನಂತರ ನಮ್ಮದು ದೇಶದಲ್ಲಿ ಮೂರನೆಯ ಸ್ಥಾನ. ಹೀಗಾಗಿ ಹತ್ತಿಪ್ಪತ್ತು ಮರಿ ಕೊಂಡು ಕೊಟ್ಟಿಗೆಯಲ್ಲಿ ಕಟ್ಟಿ, ಕೊಂಡ ಮೇವು ಹಾಕಿ, ನಾಲ್ಕು ತಿಂಗಳಲ್ಲಿ ಮಾರುವ ಕಸುಬು ಬೆಳೆಯಿತು. ಅಡಿಕೆ ಬೆಲೆ ಏರಿಳಿಯುವಾಗ ಕೈ ಹಿಡಿಯುವ ಕಸುಬೇ ಅದು. ಬೇಡವೆಂದು ನಾವು ಹೇಳುವುದಿಲ್ಲ. ಆದರೆ ಕಟ್ಟಿದ ಮರಿಗೆ ಆಯ್ಕೆಯಿಲ್ಲ. ನಾವು ಬಾನಿಗೆ ಏನು ಹಾಕುತ್ತೇವೆಯೋ ಅದನ್ನೇ ಅದು ತಿನ್ನಬೇಕು.

ಈಗ ಹೊಟ್ಟೆಯ ವಿಷಯ. ಕುರಿಗೆ ನಾಲ್ಕು ಅಂಕಣದ ಹೊಟ್ಟೆಯೆಂದು ಶಾಲೆಯಲ್ಲಿ ಓದಿದ್ದೇವೆ. ಅವುಗಳಲ್ಲಿ ದೊಡ್ಡದು, ಪಶುವೈದ್ಯರು ರೂಮೆನ್ ಎನ್ನುವುದು. ಅದನ್ನು ಇಲ್ಲಿ ಮೆಲುಕು ಹೊಟ್ಟೆಯೆಂದು ಕರೆಯೋಣ. ಹುಟ್ಟಿದ ಮರಿಯಲ್ಲಿ ಇದು ಹೆಸರಿಗಷ್ಟೇ ಇರುತ್ತದೆ. ಮರಿ ಮೊಲೆ ಚೀಪಿದಾಗ ಅನ್ನನಾಳದ ಕೊನೆಯಲ್ಲಿರುವ ಒಂದು ಮಡಿಕೆ ಕಾಲುವೆಯಂತೆ ಮುಚ್ಚಿಕೊಂಡು ಹಾಲನ್ನು ನೇರವಾಗಿ ನಾಲ್ಕನೆಯ ಅಂಕಣಕ್ಕೆ ಸಾಗಿಸುತ್ತದೆ. ಆಗ ಮರಿಯ ಜೀರ್ಣಕ್ರಿಯೆ ನಮ್ಮ ಮಕ್ಕಳದರಂತೆಯೇ. ಎರಡು ಮೂರನೆಯ ವಾರದಿಂದ ಅದು ಹುಲ್ಲು, ನುಚ್ಚು ಕಡಿಯತೊಡಗಿದ ಮೇಲೆ ಸೂಕ್ಷ್ಮಜೀವಿಗಳು ಮೆಲುಕು ಹೊಟ್ಟೆಯಲ್ಲಿ ನೆಲೆಸುತ್ತವೆ. ಅವು ಮೇವನ್ನು ಹುಳಿಯಿಸಿದಾಗ ಹುಟ್ಟುವ ಆಮ್ಲಗಳೇ, ಮುಖ್ಯವಾಗಿ ಬ್ಯುಟಿರಿಕ್ ಆಮ್ಲ, ಹೊಟ್ಟೆಯ ಒಳಗೋಡೆಯಲ್ಲಿ ಸಣ್ಣ ಎಳೆಗಳನ್ನು ಬೆಳೆಸುತ್ತವೆ. ಸುಮಾರು ಎಂಟು ವಾರಕ್ಕೆ ಮೆಲುಕು ಹೊಟ್ಟೆ ಕೆಲಸಕ್ಕೆ ಬರುತ್ತದೆ.

ಬೆಳೆದ ಕುರಿಗೆ ಬೇಕಾದ ಶಕ್ತಿಯಲ್ಲಿ ನೂರಕ್ಕೆ ಎಪ್ಪತ್ತರಷ್ಟು ಬರುವುದು ಈ ಆಮ್ಲಗಳಿಂದಲೇ. ಅಸಿಟಿಕ್ ಆಮ್ಲ ಕೊಬ್ಬಾಗುತ್ತದೆ. ಪ್ರೊಪಿಯಾನಿಕ್ ಆಮ್ಲ ಯಕೃತ್ತಿಗೆ, ಅಂದರೆ ಲಿವರಿಗೆ ಹೋಗಿ ಸಕ್ಕರೆಯಾಗುತ್ತದೆ. ಸೂಕ್ಷ್ಮಜೀವಿಗಳು ತಾವೇ ಮುಂದೆ ಕರುಳಿಗೆ ಜಾರಿ ಮರಿಗೆ ಸಸಾರಜನಕವಾಗುತ್ತವೆ. ಒಟ್ಟಿನಲ್ಲಿ ಕುರಿ ಸಾಕುವುದೆಂದರೆ ಅದರ ಹೊಟ್ಟೆಯೊಳಗಿನ ಈ ಜೀವಿಗಳನ್ನು ಸಾಕುವುದು. ಅಂಗಡಿಯ ಪುಡಿಗಳು ಬಹುಪಾಲು ಕೆಲಸ ಮಾಡುವುದೂ ಇವುಗಳ ಮೇಲೆಯೇ. ಹೊಟ್ಟೆಯೇ ಬಲಿಯದ ಮರಿಗೆ ಅವನ್ನು ಹಾಕುವುದು ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದಂತೆ. ಆ ಪ್ರಾಯದ ಮರಿಗೆ ಬೇಕಾದ್ದು ಹುಟ್ಟಿದ ಮೊದಲ ಕೆಲವು ಗಂಟೆಯೊಳಗೆ ಗಿಣ್ಣು ಹಾಲು. ರೋಗ ತಡೆಯುವ ಅಂಶವನ್ನು ಹಾಗೆಯೇ ಹೀರಿಕೊಳ್ಳುವ ಶಕ್ತಿ ಕರುಳಿಗೆ ಇರುವುದು ಮೊದಲ ಒಂದು ದಿನ ಮಾತ್ರ. ಅದನ್ನು ತಪ್ಪಿಸಿದ ಮರಿಗೆ ಯಾವ ಟಾನಿಕ್ಕೂ ಅದನ್ನು ತುಂಬಿಕೊಡಲಾರದು.

ಹಾಗಾದರೆ ಪುಡಿಗಳೆಲ್ಲ ಮೋಸವೇ? ಅಲ್ಲ. ಒಂದೊಂದಕ್ಕೂ ಅದರದೇ ಜಾಗವಿದೆ.

ಅಡಿಗೆ ಸೋಡವನ್ನೇ ತೆಗೆದುಕೊಳ್ಳಿ. ಬೇಗ ಮೈ ತುಂಬಲೆಂದು ಮರಿಗೆ ಇದ್ದಕ್ಕಿದ್ದಂತೆ ಜೋಳದ ನುಚ್ಚು, ಹಬ್ಬದ ಅನ್ನ, ರಾಗಿ ಮುದ್ದೆ ಹೇರಳವಾಗಿ ಹಾಕಿದರೆ ಮೆಲುಕು ಹೊಟ್ಟೆಯಲ್ಲಿ ಲ್ಯಾಕ್ಟಿಕ್ ಆಮ್ಲ ಮಾಡುವ ಜೀವಿಗಳು ಉಕ್ಕುತ್ತವೆ. ಹುಳಿ ಏರುತ್ತದೆ, ಹೊಟ್ಟೆ ನಿಂತುಹೋಗುತ್ತದೆ, ಮರಿ ಬೀಳುತ್ತದೆ. ಕೈತಿಂಡಿಯ ನೂರು ಕಿಲೋಗೆ ಒಂದು ಕಿಲೋ ಅಡಿಗೆ ಸೋಡ ಬೆರೆಸಿದರೆ ಈ ಹುಳಿಗೆ ಸ್ವಲ್ಪ ತಡೆಯಾಗುತ್ತದೆ. ಆದರೆ ಅದಕ್ಕಿಂತ ದೊಡ್ಡ ತಡೆ ಜೊಲ್ಲು. ಒರಟು ಹುಲ್ಲನ್ನು ಮೆಲುಕು ಹಾಕುವಾಗ ಸುರಿಯುವ ಜೊಲ್ಲಿನಲ್ಲಿ ಇದೇ ಸೋಡ ಇರುತ್ತದೆ. ರಾಗಿ ಹುಲ್ಲು, ಅವರೆ ಹೊಟ್ಟು, ಹುರುಳಿ ಹೊಟ್ಟು ಕಡಿಮೆ ಮಾಡಿ ಸೋಡ ಹೆಚ್ಚಿಸುವುದು ಮನೆಯ ಬಾವಿ ಮುಚ್ಚಿ ಟ್ಯಾಂಕರು ತರಿಸಿದಂತೆ. ಕೈತಿಂಡಿಯನ್ನು ಎರಡು ಮೂರು ವಾರದಲ್ಲಿ ನಿಧಾನವಾಗಿ ಏರಿಸಬೇಕು. ಏರಿಸುವ ಮುಂಚೆ ಕರುಳುಬೇನೆಯ ಲಸಿಕೆ ಆಗಿರಬೇಕು, ಪಶುವೈದ್ಯರು ಇ.ಟಿ. ಎನ್ನುವ ಈ ರೋಗ ಕೊಬ್ಬಿದ ಮರಿಯನ್ನೇ ಹುಡುಕಿ ಬರುತ್ತದೆ.

ಎರಡನೆಯದು ಯೀಸ್ಟ್. ಇಡ್ಲಿ ಹಿಟ್ಟು ಹುಳಿಯುವುದನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ. ಜೀವಂತ ಯೀಸ್ಟು ಮೆಲುಕು ಹೊಟ್ಟೆಯೊಳಗೆ ಸೇರಿದ ಅಷ್ಟಿಷ್ಟು ಆಮ್ಲಜನಕವನ್ನು ಕುಡಿದು, ನಾರನ್ನು ಕರಗಿಸುವ ಜೀವಿಗಳಿಗೂ ಲ್ಯಾಕ್ಟಿಕ್ ಆಮ್ಲವನ್ನು ತಿನ್ನುವ ಜೀವಿಗಳಿಗೂ ಅನುಕೂಲ ಮಾಡುತ್ತದೆ. ಫಲ ಮಾತ್ರ ಎಲ್ಲ ಕಡೆ ಒಂದೇ ಆಗಿಲ್ಲ. ಕೆಲವು ಪ್ರಯೋಗಗಳಲ್ಲಿ ತೂಕ ಏರಿದೆ, ಕೆಲವುಗಳಲ್ಲಿ ಏನೂ ಆಗಿಲ್ಲ. ಹಾನಿಯಂತೂ ಇಲ್ಲ. ಆದರೆ ಬಿಸಿಲಿನ ಅಂಗಡಿಯಲ್ಲಿ ತಿಂಗಳುಗಟ್ಟಲೆ ಕುಳಿತು ಸತ್ತ ಯೀಸ್ಟಿಗೆ ಜೀವಂತ ಯೀಸ್ಟಿನ ಬೆಲೆ ಕೊಡುವುದು ಬೇಡ.

ಮೂರನೆಯದು ಯೂರಿಯಾ. ಮೆಲುಕು ಹೊಟ್ಟೆಯ ಜೀವಿಗಳು ಯೂರಿಯಾವನ್ನು ಅಮೋನಿಯಾ ಮಾಡಿಕೊಂಡು ಅದರಿಂದ ಸಸಾರಜನಕ ಕಟ್ಟುತ್ತವೆ, ಇದು ನಿಜ. ನೂರು ಕಿಲೋ ಒಣಹುಲ್ಲಿಗೆ ನಾಲ್ಕು ಕಿಲೋ ಯೂರಿಯಾ ನೀರಿನಲ್ಲಿ ಕರಗಿಸಿ ಚಿಮುಕಿಸಿ, ಗಾಳಿಯಾಡದಂತೆ ಮೂರು ವಾರ ಮುಚ್ಚಿಟ್ಟು ತೆಗೆದರೆ ಬೆಳೆದ ಜಾನುವಾರಿಗೆ ಒಳ್ಳೆಯ ಮೇವು. ಆದರೆ ಗೊಬ್ಬರದ ಮೂಟೆಯಿಂದ ಹಿಡಿ ಹಿಡಿಯಾಗಿ ತೆಗೆದು ಮರಿಯ ಬಾನಿಗೆ ಹಾಕುವುದು ಕೊಲೆಗೆ ಸಮ. ಯಕೃತ್ತು ಸುಧಾರಿಸಲಾರದಷ್ಟು ಅಮೋನಿಯಾ ರಕ್ತಕ್ಕೆ ಏರಿದರೆ ಮರಿ ಗಂಟೆಯೊಳಗೆ ನಡುಗಿ, ನೊರೆ ಕಾರಿ ಸಾಯುತ್ತದೆ. ಮೆಲುಕು ಹೊಟ್ಟೆ ಬಲಿಯದ ಮರಿಗೆ ಯೂರಿಯಾ ಯಾವ ರೂಪದಲ್ಲಿಯೂ ಕೂಡದು.

ನಾಲ್ಕನೆಯದು ಮೊನೆನ್ಸಿನ್ ಮತ್ತು ಅದರ ಬಳಗ. ಇವು ಕೆಲವು ಜೀವಿಗಳನ್ನು ಅಡಗಿಸಿ ಪ್ರೊಪಿಯಾನಿಕ್ ಆಮ್ಲವನ್ನು ಹೆಚ್ಚಿಸುತ್ತವೆ, ಮಿಥೇನ್ ಅನಿಲವಾಗಿ ಹಾಳಾಗುವ ಶಕ್ತಿಯನ್ನು ಉಳಿಸುತ್ತವೆ, ಮರಿಗಳ ರಕ್ತಭೇದಿ ತರುವ ಕಾಕ್ಸಿಡಿಯಾವನ್ನೂ ತಡೆಯುತ್ತವೆ. ಹಾಗೆಂದು ಇವು ಆಟದ ಸಾಮಾನಲ್ಲ. ಪ್ರಮಾಣ ಮೀರಿದರೆ ಕುರಿಯ ಹೃದಯಕ್ಕೂ ಮಾಂಸಖಂಡಕ್ಕೂ ಪೆಟ್ಟು. ಕುದುರೆಗಂತೂ ಸ್ವಲ್ಪವೇ ಸಾಕು. ಮೊನೆನ್ಸಿನ್ ತಿಂದ ಕುರಿಗಳ ಯಕೃತ್ತಿನಲ್ಲಿ ತಾಮ್ರ ಹೆಚ್ಚು ನಿಲ್ಲುವುದೂ ಕಂಡುಬಂದಿದೆ. ಐರೋಪ್ಯ ಒಕ್ಕೂಟವು 2006ರ ಜನವರಿ 1ರಿಂದ ಬೆಳವಣಿಗೆಗಾಗಿ ಜಾನುವಾರುಗಳ ಮೇವಿನಲ್ಲಿ ಇಂಥ ಪ್ರತಿಜೈವಿಕಗಳನ್ನು ಬೆರೆಸುವುದನ್ನು ನಿಲ್ಲಿಸಿತು. ನಮ್ಮ ಕೇಂದ್ರ ಸರ್ಕಾರವೂ 2019ರ ಜುಲೈನಲ್ಲಿ ಕೊಲಿಸ್ಟಿನ್ ಎಂಬ ಔಷಧಿಯನ್ನು ಆಹಾರಕ್ಕಾಗಿ ಸಾಕುವ ಪ್ರಾಣಿ, ಕೋಳಿಗಳಿಗೆ ಕೊಡುವುದನ್ನು ನಿಷೇಧಿಸಿತು. ಮನುಷ್ಯನಿಗೆ ಕೊನೆಯ ಅಸ್ತ್ರವಾಗಿರುವ ಮದ್ದನ್ನು ಕೋಳಿ ಕುರಿಗಳ ತೂಕಕ್ಕಾಗಿ ಸವೆಸಬಾರದೆಂಬುದು ಅದರ ಹಿಂದಿನ ವಿಚಾರ. ಒಳಗೇನಿದೆಯೆಂದು ಬರೆಯದ ಪುಡಿಯನ್ನು ನಾವು ಏಕೆ ಅನುಮಾನಿಸಬೇಕೆಂಬುದಕ್ಕೆ ಇಷ್ಟು ಕಾರಣ ಸಾಕು.

ಐದನೆಯದು ನಮ್ಮ ಮನೆಬಾಗಿಲಿನಲ್ಲೇ ಹುಟ್ಟಿದ್ದು. ಬೆಂಗಳೂರಿನ ಆಡುಗೋಡಿಯಲ್ಲಿ, ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿಗೆ ಸೇರಿದ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆಯಿದೆ, 1995ರಲ್ಲಿ ಸ್ಥಾಪನೆಯಾಯಿತು. ಮೆಲುಕು ಹಾಕುವ ಪ್ರಾಣಿ ತಿಂದ ಮೇವಿನ ಶಕ್ತಿಯಲ್ಲಿ ಶೇಕಡ 2ರಿಂದ 12ರವರೆಗೆ ಮಿಥೇನ್ ಆಗಿ ತೇಗಿನಲ್ಲಿ ಹೋಗಿಬಿಡುತ್ತದೆ. ಈ ಸಂಸ್ಥೆಯವರು ಟ್ಯಾನಿನ್ ಇರುವ, ಎಂದರೆ ಒಗರಾದ, ಗಿಡಮೂಲದ ಪದಾರ್ಥಗಳಿಂದ 'ಹರಿತ್ ಧಾರಾ' ಎಂಬ ಪೂರಕ ಆಹಾರವನ್ನು ರೂಪಿಸಿದ್ದಾರೆ. ಹಸುವಿನಲ್ಲಿಯೂ ಕುರಿಯಲ್ಲಿಯೂ ಮಿಥೇನನ್ನು ಶೇಕಡ 17ರಿಂದ 20ರಷ್ಟು ತಗ್ಗಿಸುತ್ತದೆಂದು ಅವರ ಪ್ರಯೋಗಗಳು ಹೇಳುತ್ತವೆ. ಹುಣಸೆ ಬೀಜದ ಸಿಪ್ಪೆಯಿಂದ ಇನ್ನೊಂದನ್ನೂ ಮಾಡಿದ್ದಾರೆ. ನಾವು ಗಮನಿಸಬೇಕಾದ ಮಾತು ಬೇರೆ. ಹರಿತ್ ಧಾರಾ ಮಾಡಿದವರೇ, ಮೂರು ತಿಂಗಳು ತುಂಬಿ ಮೆಲುಕು ಹೊಟ್ಟೆ ಪೂರ್ತಿ ಬಲಿತ ಪ್ರಾಣಿಗಳಿಗೆ ಮಾತ್ರ ಇದನ್ನು ಕೊಡಿ ಎಂದಿದ್ದಾರೆ. ತಾನು ಮಾಡಿದ ವಸ್ತುವಿಗೆ ಇಂಥವರಿಗೆ ಬೇಡ ಎಂದು ಹೇಳುವವನನ್ನು ನಂಬಬಹುದು. ಎಲ್ಲಾ ಪ್ರಾಯಕ್ಕೂ ಎಲ್ಲಾ ರೋಗಕ್ಕೂ ಎನ್ನುವವನನ್ನು ಹೊರಗೆ ಕೂರಿಸಬೇಕು.

ಇದನ್ನು ಓದಿ ಯಾರಾದರೂ, ಟ್ಯಾನಿನ್ ನಮ್ಮ ಕಾಫಿ ಸಿಪ್ಪೆಯಲ್ಲೂ ಇದೆಯಲ್ಲ, ಅದನ್ನೇ ಮರಿಗೆ ಹಾಕೋಣ ಎಂದು ಹೊರಟಾರು. ದಯವಿಟ್ಟು ಬೇಡ. ಟ್ಯಾನಿನ್ ಹಿತಮಿತವಾಗಿದ್ದರೆ ಮೇವಿನ ಸಸಾರಜನಕವನ್ನು ಮೆಲುಕು ಹೊಟ್ಟೆ ದಾಟಿಸಿ ಕರುಳಿಗೆ ಮುಟ್ಟಿಸುತ್ತದೆ. ಮೀರಿದರೆ ಜೀರ್ಣವನ್ನೇ ಕೆಡಿಸುತ್ತದೆ. ಕಾಫಿ ಸಿಪ್ಪೆಯಲ್ಲಿ ಕೆಫೀನ್ ಬೇರೆ ಇದೆ. ಅದರ ಜಾಗ ಗೊಬ್ಬರದ ಗುಂಡಿ. ಕೊಚ್ಚಿದ ಅಡಿಕೆ ಹಾಳೆಯನ್ನು ದಕ್ಷಿಣ ಕನ್ನಡದ ಕಡೆ ಒಣಮೇವಾಗಿ ಬಳಸುತ್ತಾರೆ. ಬೂಷ್ಟು ಹಿಡಿಯದ, ಔಷಧಿ ಬೀಳದ ಹಾಳೆ ಬೆಳೆದ ಜಾನುವಾರಿಗೆ ಆದೀತು. ಆದರೆ ಸಸಾರಜನಕ ಬಹಳ ಕಡಿಮೆ, ಹಿಂಡಿಯ ಜೊತೆಗೇ ಕೊಡಬೇಕು.

ಈಗ ತಾಮ್ರಕ್ಕೆ ಬರೋಣ. ತಾಮ್ರ ಮರಿಗೆ ಬೇಕೇ ಬೇಕು. ಗಬ್ಬದ ಕುರಿಗೆ ತಾಮ್ರ ಸಾಲದಿದ್ದರೆ ಹುಟ್ಟುವ ಮರಿ ಹಿಂಗಾಲು ಎಳೆಯುತ್ತದೆ. ಆದರೆ ಹಸುವಿಗೂ ಕುರಿಗೂ ಇಲ್ಲಿಯೇ ದೊಡ್ಡ ಅಂತರ. ಹೆಚ್ಚಾದ ತಾಮ್ರವನ್ನು ಹಸು ಪಿತ್ತದ ಮೂಲಕ ಹೊರಕ್ಕೆ ಕಳುಹಿಸುತ್ತದೆ. ಕುರಿಗೆ ಆ ಶಕ್ತಿ ಬಹಳ ಕಡಿಮೆ. ಅದು ಯಕೃತ್ತಿನಲ್ಲಿ ಕೂಡಿಡುತ್ತಲೇ ಹೋಗುತ್ತದೆ. ಮೆಲುಕು ಹಾಕುವ ಬೆಳೆದ ಕುರಿಯಲ್ಲಿ ತಿಂದ ತಾಮ್ರದ ಹತ್ತರಲ್ಲೊಂದು ಪಾಲೂ ರಕ್ತಕ್ಕೆ ಸೇರುವುದಿಲ್ಲ, ಏಕೆಂದರೆ ಮೆಲುಕು ಹೊಟ್ಟೆಯಲ್ಲಿ ಗಂಧಕವೂ ಮಾಲಿಬ್ಡಿನಮ್ಮೂ ಅದನ್ನು ಕಟ್ಟಿಹಾಕುತ್ತವೆ. ಹಾಲು ಕುಡಿಯುವ ಮರಿಯಲ್ಲಿ ಆ ಕಾವಲು ಇಲ್ಲ. ತಿಂದದ್ದರ ಬಹುಪಾಲು ಒಳಗೆ ಹೋಗುತ್ತದೆ. ತಿಂಗಳುಗಟ್ಟಲೆ ಏನೂ ಕಾಣುವುದಿಲ್ಲ, ಮರಿ ಚೆನ್ನಾಗಿಯೇ ಇರುತ್ತದೆ. ಒಂದು ದಿನ ಮಳೆ, ಸಾಗಾಟ, ಉಪವಾಸ, ಹೀಗೆ ಏನಾದರೊಂದು ದಣಿವು ಬಂದಾಗ ಯಕೃತ್ತು ಕೂಡಿಟ್ಟದ್ದನ್ನು ಒಮ್ಮೆಗೇ ರಕ್ತಕ್ಕೆ ಬಿಡುತ್ತದೆ. ರಕ್ತದ ಕಣಗಳು ಒಡೆಯುತ್ತವೆ. ಕಾಮಾಲೆ, ಕಪ್ಪು ಮೂತ್ರ, ಒಂದೆರಡು ದಿನದಲ್ಲಿ ಸಾವು. ನಮ್ಮ ಸದಸ್ಯೆಯ ಕೊಟ್ಟಿಗೆಯಲ್ಲಿ ಆದದ್ದು ಇದೇ.

ಲೆಕ್ಕ ಹಾಕಿ ನೋಡಿ. ಕುರಿಯ ಮೇವಿನಲ್ಲಿ ಕಿಲೋಗೆ 15 ಮಿಲಿಗ್ರಾಂ ತಾಮ್ರ ಮೀರಬಾರದೆಂದು ಐರೋಪ್ಯ ದೇಶಗಳು ಮಿತಿ ಹಾಕಿಕೊಂಡಿವೆ. ಒಂದು ಪೊಟ್ಟಣದ ಚೀಟಿಯಲ್ಲಿ ಕಿಲೋಗೆ 1000 ಮಿಲಿಗ್ರಾಂ ತಾಮ್ರ ಎಂದಿದೆಯೆಂದು ಇಟ್ಟುಕೊಳ್ಳಿ. ಅದರಲ್ಲಿ 20 ಗ್ರಾಂ, ಅಂದರೆ ಒಂದು ಸಣ್ಣ ಹಿಡಿ, ಹಾಕಿದರೆ 20 ಮಿಲಿಗ್ರಾಂ. 20 ಕಿಲೋ ತೂಗುವ ಮರಿ ದಿನಕ್ಕೆ ತಿನ್ನುವ ಒಣ ಪದಾರ್ಥ ಸುಮಾರು 800 ಗ್ರಾಂ. ಆ ಪುಡಿಯೊಂದರಿಂದಲೇ ಮೇವಿನ ತಾಮ್ರ ಕಿಲೋಗೆ 25 ಮಿಲಿಗ್ರಾಂ ಆಯಿತು. ಹುಲ್ಲು ಹಿಂಡಿಗಳಲ್ಲಿ ಇರುವುದು ಇನ್ನೂ ಲೆಕ್ಕಕ್ಕೆ ಬಂದಿಲ್ಲ. ದೊಡ್ಡ ಹಸುವಿಗೆ ಔಷಧಿಯಾಗುವ ಹಿಡಿ ಮರಿಗೆ ವಿಷವಾಗುವುದು ಹೀಗೆ.

ಇದರ ಮೇಲೆ ಬೋರ್ಡೋ. ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ ಅವರು ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ 1910ರಲ್ಲಿ ಅದರ ವರದಿ ಪ್ರಕಟಿಸಿದ ಕಾಲದಿಂದಲೂ ಮೈಲುತುತ್ತ ಸುಣ್ಣಗಳ ಈ ದ್ರಾವಣ ನಮ್ಮ ತೋಟಗಳನ್ನು ಕಾಪಾಡಿಕೊಂಡು ಬಂದಿದೆ. ಅದರ ಋಣವನ್ನು ಮರೆಯುವವರು ನಾವಲ್ಲ. ಶೇಕಡ ಒಂದರ ದ್ರಾವಣವೆಂದರೆ ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತ. ಮೈಲುತುತ್ತದ ಕಾಲು ಭಾಗ ತಾಮ್ರವೇ. ಮರಕ್ಕೆ ಹೊಡೆದದ್ದರಲ್ಲಿ ಒಂದು ಪಾಲು ಕೆಳಗಿನ ಹುಲ್ಲಿನ ಮೇಲೆ ಬೀಳುತ್ತದೆ. ಆ ಹುಲ್ಲನ್ನು ಹಸು ತಿಂದರೆ ತಡೆದುಕೊಂಡೀತು, ಕುರಿ ತಡೆಯದು. ಕಾಫಿಯ ತುಕ್ಕುರೋಗಕ್ಕೆ ಹೊಡೆದವರೂ ಇದನ್ನು ನೆನಪಿಡಬೇಕು. ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆಯ ದ್ರಾಕ್ಷಿ ಬೆಳೆಗಾರರಂತೂ ಇನ್ನೂ ಹೆಚ್ಚು ನೆನಪಿಡಬೇಕು. ಚಾಟನಿ ಮಾಡಿದ ದ್ರಾಕ್ಷಿಯ ಸೊಪ್ಪನ್ನು ಕುರಿಗೆ ಹಾಕುವುದು ಅಲ್ಲಿ ರೂಢಿ.

ಟಗರು ಮರಿ ಕಟ್ಟುವವರಿಗೆ ಇನ್ನೊಂದು ಮಾತು. ಬೂಸಾ, ತೌಡುಗಳಲ್ಲಿ ರಂಜಕ ಹೆಚ್ಚು, ಸುಣ್ಣದ ಅಂಶ ಕಡಿಮೆ. ಬರೀ ಅದನ್ನೇ ತಿನ್ನಿಸಿದರೆ ಟಗರಿನ ಮೂತ್ರನಾಳದಲ್ಲಿ ಕಲ್ಲು ಕಟ್ಟಿ, ಮೂತ್ರ ನಿಂತು ಸಾಯುತ್ತದೆ. ಮೇವಿನಲ್ಲಿ ಸುಣ್ಣದ ಅಂಶ ರಂಜಕದ ಎರಡರಷ್ಟಿರಬೇಕು, ಉಪ್ಪೂ ನೀರೂ ಧಾರಾಳವಾಗಿರಬೇಕು. ಅಮೋನಿಯಂ ಕ್ಲೋರೈಡನ್ನು ಕೈತಿಂಡಿಯ ನೂರು ಕಿಲೋಗೆ ಅರ್ಧ ಕಿಲೋದಂತೆ ಬೆರೆಸಿದರೆ ಮೂತ್ರ ಹುಳಿಯಾಗಿ ಕಲ್ಲು ಕಟ್ಟುವುದು ತಪ್ಪುತ್ತದೆ. ಇದು ಪುಡಿಯ ನಿಜವಾದ ಉಪಕಾರಕ್ಕೆ ಒಂದು ಉದಾಹರಣೆ. ಆದರೆ ಇದನ್ನೂ ಪಶುವೈದ್ಯರನ್ನು ಕೇಳಿಯೇ ಮಾಡಬೇಕು.

ನಮ್ಮ ಮಾತಿಗೆ ಎದುರು ಮಾತೂ ಇದೆ. ಹಸುವಿನ ಮಿಶ್ರಣವನ್ನೇ ಹತ್ತು ವರ್ಷದಿಂದ ಕುರಿಗೆ ಹಾಕುತ್ತಿದ್ದೇನೆ, ನನ್ನದೊಂದೂ ಸತ್ತಿಲ್ಲ ಎಂದು ಹಿರಿಯ ಸದಸ್ಯರೊಬ್ಬರು ಹೇಳಿದರು. ಅವರ ಮಾತು ಸುಳ್ಳಲ್ಲ. ಅವರ ಕುರಿಗಳು ಬಯಲಿನಲ್ಲಿ ಮೇಯುತ್ತವೆ, ಹಾಕುವುದು ಚಿಟಿಕೆ, ತೋಟಕ್ಕೆ ಬೋರ್ಡೋ ಇಲ್ಲ. ಮೂರೂ ಒಟ್ಟಿಗೆ ಸೇರಿದ ಕಡೆ ಒಂಬತ್ತು ಸತ್ತವು. ಇನ್ನೊಬ್ಬರು, ಈ ಪುಡಿಗಳಿಂದ ಮಳಿಗೆಗೆ ಬರುವ ಕಮಿಷನ್ನಿನಲ್ಲಿ ಗುಮಾಸ್ತರ ಸಂಬಳ ನಡೆಯುತ್ತಿದೆ, ನಿಲ್ಲಿಸಿದರೆ ಹೇಗೆ ಎಂದರು. ಇದು ನಿಜವಾದ ಕಷ್ಟ, ತಳ್ಳಿಹಾಕುವಂತಿಲ್ಲ. ಅಂಗಡಿಯಲ್ಲಿ ಸಿಗದಿದ್ದರೆ ಜನ ಪೇಟೆಯಲ್ಲಿ ಕೊಳ್ಳುತ್ತಾರೆಂಬುದೂ ನಿಜ. ಆದರೆ ಪೇಟೆಯ ಅಂಗಡಿಯವನನ್ನು ಜನ ಚೌಕಾಸಿ ಮಾಡಿ ಕೊಳ್ಳುತ್ತಾರೆ, ಸಂಘದ ಅಂಗಡಿಯನ್ನು ನಂಬಿ ಕೊಳ್ಳುತ್ತಾರೆ. ಆ ನಂಬಿಕೆಯೊಂದನ್ನು ಬಿಟ್ಟರೆ ಸಹಕಾರ ಸಂಘಕ್ಕೂ ಇತರ ಅಂಗಡಿಗೂ ಏನು ವ್ಯತ್ಯಾಸ ಉಳಿಯಿತು? ಕಮಿಷನ್ ಹೋದರೆ ಮತ್ತೆ ಬಂದೀತು.

ಆದ್ದರಿಂದ ಬರುವ ವಾರ್ಷಿಕ ಮಹಾಸಭೆಯ ಮುಂದೆ ನಾವು ಇಡಲಿರುವ ಸಲಹೆಗಳು ಇವು.

ಒಂದು, ಹಸುವಿನ ಖನಿಜ ಮಿಶ್ರಣದ ಪ್ರತಿ ಪೊಟ್ಟಣದ ಮೇಲೂ 'ಕುರಿಗೆ ಕೊಡಬೇಡಿ' ಎಂಬ ಕೆಂಪು ಚೀಟಿ ಅಂಟಿಸುವುದು, ಕುರಿಗೆಂದೇ ಮಾಡಿದ ಮಿಶ್ರಣವನ್ನು ಬೇರೆ ಕಪಾಟಿನಲ್ಲಿ ಇಡುವುದು. ಎರಡು, ಒಳಗಿನ ಪದಾರ್ಥ, ಪ್ರಮಾಣ, ಯಾವ ಪ್ರಾಣಿಗೆ, ಯಾವ ಪ್ರಾಯಕ್ಕೆ, ಯಾವ ತಾರೀಖಿನವರೆಗೆ, ಇವಿಷ್ಟೂ ಬರೆಯದ ಪುಡಿಯನ್ನು ಮಳಿಗೆಗೆ ಸೇರಿಸದಿರುವುದು. ಮೂರು, ಪ್ರತಿಜೈವಿಕವಾಗಲಿ ಮೊನೆನ್ಸಿನ್ ಬಳಗವಾಗಲಿ ಇರುವ ವಸ್ತುವನ್ನು ಪಶುವೈದ್ಯರ ಚೀಟಿಯಿಲ್ಲದೆ ಮಾರದಿರುವುದು. ನಾಲ್ಕು, ಮೈಲುತುತ್ತದ ಬಿಲ್ಲಿನ ಮೇಲೆ, ಹೊಡೆದ ತೋಟಕ್ಕೆ ಆ ಹಂಗಾಮು ಮುಗಿಯುವವರೆಗೂ ಕುರಿ ಬಿಡಬಾರದೆಂದು ಮೊಹರು ಹಾಕುವುದು. ಐದು, ಸತ್ತ ಒಂಬತ್ತು ಮರಿಗಳ ಕೊಂಡ ಬೆಲೆಯ ಅರ್ಧವನ್ನಾದರೂ ಆ ಸದಸ್ಯೆಗೆ ಸಾಮಾನ್ಯ ಹಿತ ನಿಧಿಯಿಂದ ಕೊಡುವುದು. ಐದನೆಯದಕ್ಕೆ ಕಾನೂನಿನ ಒತ್ತಾಯವಿಲ್ಲವೆಂದು ಮಂಡಳಿಯಲ್ಲಿ ಆಕ್ಷೇಪ ಬಂದಿದೆ. ಒತ್ತಾಯವಿದ್ದರೆ ಮಹಾಸಭೆಯನ್ನು ಕೇಳುವ ಅಗತ್ಯವೇ ಇರಲಿಲ್ಲ. ಸಭೆ ಒಪ್ಪದಿದ್ದರೆ ಕಾರ್ಯದರ್ಶಿಯ ಗೌರವಧನದಿಂದ ಕಂತಿನಲ್ಲಿ ಕಳೆಯಲು ನಮ್ಮ ಒಪ್ಪಿಗೆಯಿದೆ.

ಸದಸ್ಯರಲ್ಲಿ ನಮ್ಮ ವಿನಂತಿ ಇಷ್ಟೇ. ಮರಿಗೆ ಮೊದಲು ಗಿಣ್ಣು ಹಾಲು, ಆಮೇಲೆ ಹುಲ್ಲು, ಆಮೇಲೆ ನಿಧಾನವಾಗಿ ಕೈತಿಂಡಿ; ಪುಡಿಯ ಸರದಿ ಕೊನೆಗೆ. ಊಟ ಬಲ್ಲವನಿಗೆ ರೋಗವಿಲ್ಲವೆಂಬ ಗಾದೆ ಕಟ್ಟಿಹಾಕಿದ ಮರಿಗೆ ಹೊಂದದು, ಅದರ ಊಟವನ್ನು ಬಲ್ಲವರು ನಾವಾಗಬೇಕು. ಪೊಟ್ಟಣ ಕೈಗೆ ಬಂದಾಗ ಮುಂದಿನ ಚಿತ್ರವನ್ನು ಬಿಟ್ಟು ಹಿಂದಿನ ಸಣ್ಣ ಅಕ್ಷರವನ್ನು ಓದಿ. ಓದಲು ಕಣ್ಣು ಸಾಲದವರು ಮಳಿಗೆಯಲ್ಲಿ ಕೇಳಿ; ಗುಮಾಸ್ತರು ಓದಿ ಹೇಳುತ್ತಾರೆ. ಅವರಿಗೂ ತಿಳಿಯದಿದ್ದರೆ ಪಶು ಆಸ್ಪತ್ರೆಯನ್ನು ಕೇಳಿ ತಿಳಿಸುವವರೆಗೆ ಆ ಪೊಟ್ಟಣ ಮಾರಾಟವಾಗುವುದಿಲ್ಲ.

ಆ ಸದಸ್ಯೆ ಉಳಿದ ಹದಿನೈದು ಮರಿಗಳನ್ನು ವೈದ್ಯರ ಸಲಹೆಯಂತೆ ಉಳಿಸಿಕೊಂಡರು. ಈ ವರ್ಷ ಮತ್ತೆ ಮರಿ ಕಟ್ಟಿದ್ದಾರೆ. ಮೊನ್ನೆ ಮಳಿಗೆಗೆ ಬಂದು ಪೊಟ್ಟಣವೊಂದನ್ನು ತಿರುಗಿಸಿ ಹಿಡಿದು, "ಇದ್ರಾಗೆ ತಾಮ್ರ ಎಷ್ಟೈತಣ್ಣ?" ಎಂದು ಕೇಳಿದರು. ಮಹಾಸಭೆಗೆ ಎಲ್ಲರೂ ತಪ್ಪದೆ ಬರಬೇಕೆಂದು ಕೋರುತ್ತೇವೆ.